ನಾನು ಆಸ್ಟ್ರೇಲಿಯಾಕ್ಕೆ ಹೋಗಿಲ್ಲ ಮಾರಾಯ

ಪ್ರೀತಿಯ ಗೆಳೆಯಾ,

ಸ್ಟೇಷನ್ ಬೋರ್ಡಿನ ಫೋಟೋ ನೋಡಿ "ಕ್ಯಾನ್‌ಬೆರಾಗೆ ಯಾವಾಗ ಹೋದೆ?" ಅಂತ ಕೇಳಿದ್ದೀಯಲ್ಲ. ನಾನು ಸಿಂಗಪುರದಲ್ಲೇ ಇದ್ದೇನೆ! ಊರಿನ ಉತ್ತರ ತುದಿಯ ಸೆಂಬವಾಂಗ್‌ನಲ್ಲಿ 2019ರಲ್ಲಿ ತೆರೆದ ಮೆಟ್ರೋ ಸ್ಟೇಷನ್ನಿಗೆ ಆ ಹೆಸರು. ಆ ಕಡೆ ತಿರುಗಾಡಿದರೆ ಡರ್ಬನ್, ಮಾಲ್ಟಾ, ಜಿಬ್ರಾಲ್ಟರ್, ವೆಲ್ಲಿಂಗ್ಟನ್ ಹೆಸರಿನ ರಸ್ತೆಗಳೂ ಸಿಗುತ್ತವೆ. ಪಾಸ್‌ಪೋರ್ಟ್ ಬೇಡ, ಚಪ್ಪಲಿ ಸಾಕು.

ಇದೆಲ್ಲ ಬ್ರಿಟಿಷ್ ನೌಕಾಪಡೆಯ ಕೆಲಸ. ಜಪಾನಿನ ಭಯಕ್ಕೆ ಇಲ್ಲಿ ದೊಡ್ಡ ನೆಲೆ ಕಟ್ಟಲು ಹೊರಟರು, ಅಲ್ಲಿನ ರಸ್ತೆಗಳಿಗೆ ತಮ್ಮ ಸಾಮ್ರಾಜ್ಯದ ಊರುಗಳ ಹೆಸರಿಟ್ಟರು. 1928ರಲ್ಲಿ ಇಂಗ್ಲೆಂಡಿನಿಂದ ಹಡಗು ರಿಪೇರಿಯ ಒಂದು ತೇಲುವ ಡಾಕನ್ನೇ ಸಮುದ್ರದ ಮೇಲೆ ಎಳೆದುಕೊಂಡು ಬಂದರು. ಅಷ್ಟು ದೂರ, ಯೋಚಿಸು! 1938ರ ಫೆಬ್ರವರಿ 14ರಂದು ದೊರೆ ಆರನೇ ಜಾರ್ಜ್ ಹೆಸರಿನ ಡ್ರೈಡಾಕ್ (ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆ) ತೆರೆಯಿತು. ಸಾವಿರ ಅಡಿ ಉದ್ದ. ಆ ಸಮಾರಂಭಕ್ಕೆ ಅಮೆರಿಕದ ಮೂರು ಕ್ರೂಸರ್ ಯುದ್ಧನೌಕೆಗಳು ಅತಿಥಿಗಳು. 1940ರಲ್ಲಿ ಭಾರೀ ಹಡಗು ಕ್ವೀನ್ ಮೇರಿಯೂ ಇದೇ ಡಾಕಿಗೆ ಬಂದಿತ್ತು.

ಆದರೆ ಯಾವ ಹಡಗುಪಡೆಗಾಗಿ ಇಷ್ಟೆಲ್ಲ ಕಟ್ಟಿದರೋ ಅದು ಬರಲೇ ಇಲ್ಲ. ಯುರೋಪಿನ ಯುದ್ಧದಲ್ಲಿ ಸಿಕ್ಕಿಕೊಂಡಿತ್ತು. ಕೊಟ್ಟಿಗೆ ರೆಡಿ, ದನವೇ ಇಲ್ಲ. 1941ರ ಡಿಸೆಂಬರ್ 2ರಂದು ಪ್ರಿನ್ಸ್ ಆಫ್ ವೇಲ್ಸ್, ರಿಪಲ್ಸ್ ಅನ್ನೋ ಎರಡು ದೊಡ್ಡ ಯುದ್ಧನೌಕೆಗಳು ಬಂದವು. ಎಂಟೇ ದಿನಕ್ಕೆ ಜಪಾನಿ ವಿಮಾನಗಳು ಮಲಯಾ ಕರಾವಳಿಯ ಕುವಾಂತನ್ ಹತ್ತಿರ ಎರಡನ್ನೂ ಮುಳುಗಿಸಿದವು. 1942ರ ಫೆಬ್ರವರಿಯಲ್ಲಿ ಸಿಂಗಪುರವೇ ಜಪಾನಿನ ಕೈಗೆ ಹೋಯಿತು.

ನನಗೆ ಜಾಸ್ತಿ ಹಿಡಿಸಿದ್ದು ಮಲಯಾಳಿಗಳ ಕಥೆ. ನೆಲೆಯ ಕೆಲಸಕ್ಕೆ ಕೇರಳದಿಂದ ಎಷ್ಟು ಜನ ಬಂದರೆಂದರೆ, ಸೆಂಬವಾಂಗಿಗೆ ಪುಟ್ಟ ಕೇರಳ ಅಂತಲೇ ಹೆಸರು ಬಿತ್ತು. ಸಾಹೇಬರು ಮರದ ನೆರಳಿನ ಕಪ್ಪು-ಬಿಳಿ ಬಂಗಲೆಗಳಲ್ಲಿ, ಇವರು ಕ್ವಾರ್ಟರ್ಸ್‌ನಲ್ಲಿ. ರಸ್ತೆಗೆ ಹೆಸರಿಡುವಾಗ ಇವರನ್ನು ಯಾರು ಕೇಳುತ್ತಾರೆ, ಅಲ್ವಾ?

ಯುದ್ಧ ಮುಗಿದ ಮೇಲೆ ಮರಳಿ ಬಂದಿದ್ದ ಬ್ರಿಟಿಷರು 1968ರಲ್ಲಿ ಡಾಕ್‌ಯಾರ್ಡನ್ನು ಸಿಂಗಪುರ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಬೆಲೆ? ಲೆಕ್ಕಕ್ಕೆ ಒಂದು ಡಾಲರ್. ಅದು ಹಡಗು ರಿಪೇರಿಯ ಕಂಪನಿಯಾಯಿತು. 1971ರಲ್ಲಿ ನೌಕಾಪಡೆಯೂ ಗಂಟುಮೂಟೆ ಕಟ್ಟಿತು. ಬೋರ್ಡುಗಳನ್ನು ಮಾತ್ರ ಯಾರೂ ಕಿತ್ತಿಲ್ಲ. ಸುಮ್ನೆ ಬಿಟ್ಟಿದ್ದಷ್ಟೇ ಅಲ್ಲ, ಮೊನ್ನೆ ಮೊನ್ನೆಯ ಸ್ಟೇಷನ್ನಿಗೂ ಅದೇ ಹೆಸರನ್ನು ಎತ್ತಿಕೊಂಡಿದ್ದಾರೆ.

ರಜಕ್ಕೆ ಬಂದಾಗ ತೋರಿಸುತ್ತೇನೆ. ಊರ ಕಡೆಯಿಂದ ರೈಲು ಹತ್ತಿದರೆ ಯಿಶುನ್ ಆದಮೇಲಿನ ಸ್ಟೇಷನ್, ಅಲ್ಲೇ ಇಳಿ. ನಿನ್ನ ಅಮ್ಮನಿಗೆ ಮಾತ್ರ ಮೊದಲೇ ಹೇಳಿಬಿಡು. "ಕ್ಯಾನ್‌ಬೆರಾ ತಲುಪಿದೆ" ಅಂತ ಮೆಸೇಜ್ ಹಾಕಿದರೆ ಗಾಬರಿಯಾದಾರು.

ನಿನ್ನ ಗೆಳೆಯ