ಗೋಲ್ಡ್‌ಫಿಶ್ ಟ್ಯಾಂಕಿನ ಮೇಲೆ ಲೀಟರ್ ಲೆಕ್ಕ ಬರೆಯಲಿ

ಮಾನ್ಯರೇ,

ಗುಂಡು ಬೌಲು, ಒಂದು ಹಿಡಿ ಬಣ್ಣದ ಕಲ್ಲು, ಎರಡು ಗೋಲ್ಡ್‌ಫಿಶ್ ಸೇರಿಸಿ ‘ಸೆಟ್’ ಎಂದು ಮಾರುವ ಅಂಗಡಿಗಳು ಎಲ್ಲ ಊರಿನಲ್ಲೂ ಇವೆ. ಹದಿನೈದು ದಿನದಲ್ಲಿ ಮೀನು ಸತ್ತರೆ ‘ನೀರು ಆಗಿಬರಲಿಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ನೀರು ಆಗಿಬರದ್ದಲ್ಲ, ಸಾಲದೇ ಹೋದದ್ದು.

ಅಂಗಡಿಯಲ್ಲಿ ಕಾಣುವುದು ಎರಡಿಂಚಿನ ಮರಿ. ಒರಂಡಾ, ರ್‍ಯುಕಿನ್‌ನಂಥ ಗುಂಡು ಹೊಟ್ಟೆಯ ತಳಿಗಳು 6ರಿಂದ 8 ಇಂಚು, ಉದ್ದ ಮೈಯ ಕಾಮೆಟ್ ತಳಿ ಒಂದಡಿಯವರೆಗೂ ಬೆಳೆಯುತ್ತವೆ. ಚೆನ್ನಾಗಿ ಸಾಕಿದರೆ 10–15 ವರ್ಷ ಬದುಕುತ್ತವೆ. ‘ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತೆ’ ಎಂಬ ಮಾತನ್ನು ನಂಬಬೇಡಿ. ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುವುದನ್ನೇ ಹಾಗೆ ಹೇಳಿ ಮಾರುತ್ತಾರೆ.

ಗೋಲ್ಡ್‌ಫಿಶ್ ತಿನ್ನುವುದೂ ಹೆಚ್ಚು, ಹೊಲಸು ಮಾಡುವುದೂ ಹೆಚ್ಚು. ಕಿವಿರಿನಿಂದ ಸದಾ ಅಮೋನಿಯ ಹೊರಬೀಳುತ್ತದೆ. ಕಡಿಮೆ ನೀರಿನಲ್ಲಿ ಅದು ಒಂದೆರಡು ದಿನದಲ್ಲೇ ವಿಷದ ಮಟ್ಟ ಮುಟ್ಟುತ್ತದೆ. ಮೀನು ಮೇಲೆ ಬಂದು ಬಾಯಿ ಬಡಿಯುವುದು, ಕಿವಿರು ಕೆಂಪಾಗುವುದು ಇದರ ಸೂಚನೆ. ಬೌಲನ್ನು ಕತ್ತಿನವರೆಗೆ ತುಂಬಿದರಂತೂ ಗಾಳಿಗೆ ತಾಗುವ ನೀರಿನ ಮೈ ಕಿರಿದಾಗಿ ಆಮ್ಲಜನಕವೂ ಸಾಲದು.

ಗುಂಡು ತಳಿಯ ಮೊದಲ ಮೀನಿಗೆ 75 ಲೀಟರ್, ಆಮೇಲಿನ ಪ್ರತಿ ಮೀನಿಗೆ 40 ಲೀಟರ್ ಎಂಬುದು ಸಾಕುವವರ ನಡುವೆ ಚಾಲ್ತಿಯಲ್ಲಿರುವ ಲೆಕ್ಕ. ಉದ್ದ, ಅಗಲ, ನೀರು ನಿಲ್ಲುವ ಎತ್ತರ ಮೂರನ್ನೂ ಇಂಚಿನಲ್ಲಿ ಗುಣಿಸಿ 61ರಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಹೆಚ್ಚಾಗಿ ಮಾರಾಟವಾಗುವ 24×12×12ರ ಟ್ಯಾಂಕಿನಲ್ಲಿ ಮೇಲೆ ಎರಡಿಂಚು ಬಿಟ್ಟರೆ 47 ಲೀಟರ್ ಅಷ್ಟೇ. ಒಂದು ಮೀನಿಗೂ ಸಾಲದು. 36×15×15ರದ್ದಾದರೆ ಹಾಗೆಯೇ ಎರಡಿಂಚು ಬಿಟ್ಟು 115 ಲೀಟರ್, ಜೋಡಿಗೆ ಸರಿಯಾಯಿತು. ಕಾಮೆಟ್ ಬೇಕೆಂದರೆ ನಾಲ್ಕಡಿಗಿಂತ ಕಡಿಮೆ ಉದ್ದದ ಟ್ಯಾಂಕ್ ಬೇಡ, ಅಂಗಳದಲ್ಲಿ ತೊಟ್ಟಿಯಿದ್ದರೆ ಇನ್ನೂ ಒಳ್ಳೆಯದು. ನೋಡಲು ಚೆಂದವೆಂದು ಎತ್ತರದ ಟ್ಯಾಂಕ್ ಕೊಳ್ಳುವುದಕ್ಕಿಂತ ಅಷ್ಟೇ ಲೀಟರಿನ ಉದ್ದನೆಯದು ಮೇಲು.

ಮೂರಡಿ ಟ್ಯಾಂಕ್ ನೀರು, ಗಾಜು, ಕಲ್ಲು ಸೇರಿ 150 ಕೆ.ಜಿ. ಸಮೀಪ ತೂಗುತ್ತದೆ. ಟಿ.ವಿ. ಸ್ಟ್ಯಾಂಡಿನ ಮೇಲಿಡುವ ವಸ್ತುವಲ್ಲ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಮಟ್ಟ ನೋಡಿ, ಗಾಜಿನಡಿ ಥರ್ಮೊಕೋಲ್ ಹಾಳೆ ಹಾಕಬೇಕು. ಒಂದು ಮೂಲೆ ತಗ್ಗಿದ್ದರೂ ತಳದ ಗಾಜು ಬಿರಿಯಬಹುದು.

ಇಂಥ ಮೂರಡಿ ಟ್ಯಾಂಕಿಗೆ ಗಂಟೆಗೆ 700–900 ಲೀಟರ್ ಹರಿಸುವ ಫಿಲ್ಟರ್ ಇರಲಿ. ಅಮೋನಿಯ ಅರಗಿಸುವ ಬ್ಯಾಕ್ಟೀರಿಯಾ ಅದರ ಸ್ಪಾಂಜಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಈಗಾಗಲೇ ನಡೆಯುತ್ತಿರುವ, ರೋಗವಿಲ್ಲದ ಟ್ಯಾಂಕಿನ ಹಳೆ ಸ್ಪಾಂಜ್ ತುಂಡು ಸಿಕ್ಕರೆ ಬೇಗ ಆಗುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ನಲ್ಲಿ ನೀರಿಗೆ ಅದರ ಕ್ಲೋರಿನ್ ಕಳೆಯುವ ‘ಆಂಟಿ ಕ್ಲೋರಿನ್’ ಹಾಕಿ, ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ‘ಕ್ಲೀನ್’ ಮಾಡುವ ಉತ್ಸಾಹದಲ್ಲಿ ಎಲ್ಲ ನೀರು ಚೆಲ್ಲಿ, ಸ್ಪಾಂಜನ್ನು ನಲ್ಲಿಗೆ ಹಿಡಿದರೆ ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸಾಯುತ್ತವೆ, ಹಿಂದೆಯೇ ಮೀನೂ.

ಅಕ್ವೇರಿಯಂ ಅಂಗಡಿಯವರಲ್ಲಿ ವಿನಂತಿ: ಪ್ರತಿ ಟ್ಯಾಂಕಿನ ಮೇಲೆ ಎಷ್ಟು ಲೀಟರ್, ಎಷ್ಟು ಗೋಲ್ಡ್‌ಫಿಶ್ ಎಂದು ಬರೆದಿಡಿ, ಮಾರ್ಕರ್ ಪೆನ್ ಸಾಕು. ಬೌಲುಗಳನ್ನು ಮನಿಪ್ಲಾಂಟಿಗೆಂದು ಮಾರಿಕೊಳ್ಳಿ. ಟ್ಯಾಂಕಿಗೆ ಮೀರಿ ಬೆಳೆದ ಮೀನನ್ನು ಗಿರಾಕಿ ಹಿಂತಂದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಅದು ಊರ ಕೆರೆಗೆ ಬೀಳುತ್ತದೆ.

– ಅಕ್ವೇರಿಯಂ ಹವ್ಯಾಸಿಗಳು, ಮೈಸೂರು