ಸಾಲ ಅವನದು, ಸರಿ. ಕೊಟ್ಟವನದು ಏನೂ ಇಲ್ವಾ?

ಪ್ರಿಯ ಗೆಳೆಯ,

ನಿನ್ನ ಉದ್ದದ ಮೆಸೇಜು ಓದಿದೆ. ನಿನ್ನ ಪ್ರಿಂಟಿಂಗ್ ಪ್ರೆಸ್ಸಿನ ಹುಡುಗ ಯಾವುದೋ ಆ್ಯಪ್‌ನಲ್ಲಿ ಸಾಲ ಮಾಡಿದ. ಅವರು ನಿನಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದರು. ಅವನ ಫೋಟೊ ಮೇಲೆ ‘ಕಳ್ಳ’ ಅಂತ ಬರೆದು ನಿನ್ನ ವಾಟ್ಸಾಪಿಗೂ, ನಿನ್ನ ಇಬ್ಬರು ಗಿರಾಕಿಗಳಿಗೂ ಕಳಿಸಿದರು. ಸಿಟ್ಟು ಬರದೇ ಇರುತ್ತದಾ? ಆದರೆ ಆ ಸಿಟ್ಟೆಲ್ಲ ಹುಡುಗನ ಮೇಲೇ ಹೋಗಿದೆ. ‘ತಗೊಳ್ಳುವಾಗ ಖುಷಿ, ಕಟ್ಟುವಾಗ ಗೋಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು. ಇವನನ್ನು ಕೆಲಸದಿಂದ ತೆಗೆಯಲಾ?’ ಅಂತ ಕೇಳಿದ್ದೀಯ. ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಜಗಳಕ್ಕೆ ಇಳಿಯುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಹೂಂ ಎಂದಿದ್ದರಿಂದ ಇನ್ನೂ ನಾಲ್ಕು ಜನ ಓದಲಿ ಅಂತ ಇಲ್ಲೂ ಹಾಕಿದ್ದೇನೆ.

ಮೊದಲು ನಿನ್ನ ಮಾತಿಗೆ ಎಲ್ಲಿ ನನ್ನ ಒಪ್ಪಿಗೆ ಇದೆ, ಹೇಳಿಬಿಡುತ್ತೇನೆ. ನಾನೂ ಸಾಲ ಕೊಡುವವನೇ. ಶಿರಸಿಯ ಸಹಕಾರಿ ಸೊಸೈಟಿಯಲ್ಲಿ ಸಾಲದ ಟೇಬಲ್ಲಿನ ಹಿಂದೆ ಕೂತೇ ತಲೆ ಬೆಳ್ಳಗಾಗಿದೆ. ಸಾಲ ಎಂದರೆ ವಾಪಸ್ ಕೊಡಬೇಕಾದ ದುಡ್ಡು, ಅದರಲ್ಲಿ ಎರಡು ಮಾತಿಲ್ಲ. ನಾವು ಕೊಡುವುದು ಸರ್ಕಾರದ ದುಡ್ಡೂ ಅಲ್ಲ, ಯಾವುದೋ ಸಾಹುಕಾರನ ದುಡ್ಡೂ ಅಲ್ಲ. ರಿಟೈರಾದ ಮೇಷ್ಟ್ರ ಡಿಪಾಸಿಟ್ಟು, ಅಡಿಕೆ ಮಾರಿ ಮಗಳ ಮದುವೆಗೆ ಎತ್ತಿಟ್ಟವರ ದುಡ್ಡು. ಹಾಗಾಗಿ ‘ಸಾಲ ಮನ್ನಾ’ ಎಂಬ ಘೋಷಣೆ ಕೇಳಿದರೆ ನನಗೆ ಹೊಟ್ಟೆಯಲ್ಲಿ ಸಂಕಟ. ಬೇರೆ ಕಡೆ ಇರುವ ಸಾಲ ಮುಚ್ಚಿಟ್ಟು ಬರುವವರನ್ನು ನೋಡಿದ್ದೇನೆ. ಜಾಮೀನು ಹಾಕಿದ ಭಾವನನ್ನು ಸಿಕ್ಕಿಸಿ ಊರು ಬಿಟ್ಟವರನ್ನೂ ನೋಡಿದ್ದೇನೆ. ಆನ್‌ಲೈನ್ ರಮ್ಮಿಗೆ ಅಂತ ಸಾಲ ಮಾಡಿ, ಮನೆಯಲ್ಲಿ ‘ಬೈಕ್ ರಿಪೇರಿ’ ಎಂದವರೂ ಇದ್ದಾರೆ. ದುಡ್ಡು ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದಾಗ ನಮ್ಮ ಸೊಸೈಟಿಯಲ್ಲಿ ನಾನು ಎಲ್ಲರಿಗೂ ಚಹಾ ಕುಡಿಸಿದ್ದೆ.

ಆದರೆ ನಿನ್ನ ಹುಡುಗನದು ಅಂಥ ಕಥೆ ಅಲ್ಲ. ಅಮ್ಮನ ಸ್ಕ್ಯಾನಿಂಗಿಗೆ ಅಂತ ನೀನೇ ಬರೆದಿದ್ದೀಯ. ಕಾಲು ಚಾಚುವ ಮಾತು ಇಲ್ಲಿ ಎಲ್ಲಿಂದ ಬಂತು? ಇರಲಿ, ಲೆಕ್ಕಕ್ಕೆ ಬರೋಣ. ಲೆಕ್ಕ ಅಂದರೆ ನಿನಗೂ ಪ್ರೀತಿ.

ಸಾಲ 5,000. ‘ಪ್ರೊಸೆಸಿಂಗ್ ಫೀ’ ಅಂತ ಮೊದಲೇ ಮುರಿದುಕೊಂಡು ಕೈಗೆ ಕೊಟ್ಟಿದ್ದು 3,500. ಏಳು ದಿನಕ್ಕೆ 5,000 ವಾಪಸ್ ಕಟ್ಟಬೇಕು. ಅಂದರೆ 3,500ಕ್ಕೆ ಒಂದು ವಾರದ ಬಡ್ಡಿ 1,500. ನೂರಕ್ಕೆ ವಾರಕ್ಕೆ 42 ರೂಪಾಯಿ ಚಿಲ್ಲರೆ. ವರ್ಷಕ್ಕೆ ಹಾಕಿದರೆ ನೂರಕ್ಕೆ 2,200 ರೂಪಾಯಿಗೂ ಜಾಸ್ತಿ. ಮೀಟರ್ ಬಡ್ಡಿಯವನು ತಿಂಗಳಿಗೆ ಹತ್ತು ರೂಪಾಯಿ ಬಡ್ಡಿ ಎಂದರೆ ನಾವು ಹೌಹಾರುತ್ತೇವೆ. ಅವನದು ವರ್ಷಕ್ಕೆ 120 ಅಷ್ಟೇ ಮಾರಾಯ!

ಈಗ ತಾರೀಕು ನೋಡು. ಅವನು ಸಾಲ ತೆಗೆದದ್ದು 22ಕ್ಕೆ. ಕಟ್ಟಬೇಕಾದದ್ದು 29ಕ್ಕೆ. ನಿನ್ನ ಪ್ರೆಸ್ಸಿನಲ್ಲಿ ಸಂಬಳ ಆಗುವುದು 10ಕ್ಕೆ. ಆ 29ಕ್ಕೆ ಅವನ ಕೈಗೆ 5,000 ಎಲ್ಲಿಂದ ಬರುತ್ತಿತ್ತು? ಬರಲು ಸಾಧ್ಯವೇ ಇರಲಿಲ್ಲ. ಇದು ಕೊಟ್ಟವನಿಗೆ ಗೊತ್ತಿರಲಿಲ್ಲವಾ? ಒಂದೇ ಪ್ರಶ್ನೆ ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲಿಲ್ಲ, ಯಾಕೆಂದರೆ ಉತ್ತರ ಬೇಕಿರಲಿಲ್ಲ.

ನನಗೂ ಅವರಿಗೂ ವ್ಯತ್ಯಾಸ ಇಲ್ಲೇ ಇರುವುದು. ನಮ್ಮ ಟೇಬಲ್ಲಿಗೆ ಬಂದವನಿಗೆ ನಾನು ಕೇಳುವ ಮೊದಲ ಮಾತೇ ‘ಹ್ಯಾಂಗ್ ಕಟ್ತೆ?’ ಅಂತ. ಅಡಿಕೆ ಯಾವಾಗ ಕೊಯ್ಲು, ಯಾವಾಗ ಮಾರಲು ವಖಾರಿಗೆ ಹಾಕ್ತಾನೆ, ಮನೆಯಲ್ಲಿ ಇನ್ನೊಬ್ಬರ ದುಡಿಮೆ ಇದೆಯಾ, ಎಲ್ಲ ಕೇಳಿ ಕಂತು ಬರೆಯುತ್ತೇನೆ. ಕೆಲವರಿಗೆ ಇದು ಕಿರಿಕಿರಿ. ಕೆಲವರಿಗೆ ಇಲ್ಲ ಅಂತ ಹೇಳಿ ಬೈಸಿಕೊಂಡಿದ್ದೂ ಇದೆ. ಆದರೆ ಕೇಳಿ ಕೊಟ್ಟ ಮೇಲೆ ಆ ಸಾಲ ಮುಳುಗಿದರೆ ಅದರಲ್ಲಿ ನನ್ನ ಪಾಲೂ ಉಂಟು. ಆಡಿಟ್ ದಿನ ಉತ್ತರ ಹೇಳುವವನು ನಾನು. ಆ್ಯಪ್‌ನವರಿಗೆ ಯಾವ ಆಡಿಟ್ಟು? ಅವರು ಕೇಳಿದ್ದು ಒಂದೇ: ಫೋನಿನ ಕಾಂಟ್ಯಾಕ್ಟು, ಫೋಟೊಗಳಿಗೆ ‘ಅಲೋ’ ಒತ್ತು ಅಂತ. ಅವರಿಗೆ ಅಡವು ಆ ಹುಡುಗನ ಮರ್ಯಾದೆ. ಜಾಮೀನುದಾರ ನೀನು, ಸಹಿಯನ್ನೇ ಮಾಡದೆ!

‘ಹಾಗಾದರೆ ಅವನು ಕಟ್ಟದಿದ್ದರೆ ಅವರಿಗೂ ನಷ್ಟ ಅಲ್ವಾ?’ ಎನ್ನುತ್ತೀಯ. ಅಲ್ಲ. 29ಕ್ಕೆ ಅವರು ಏನು ಹೇಳಿದರು? ‘1,500 ಕಟ್ಟು, ಇನ್ನೊಂದು ವಾರ ಟೈಮ್ ಕೊಡ್ತೇವೆ’ ಅಂತ. ಹೀಗೆ ನಾಲ್ಕು ವಾರ ತಳ್ಳಿದರೆ 6,000 ಕಟ್ಟಿ ಆಯಿತು, 5,000 ಹಾಗೇ ನಿಂತಿರುತ್ತದೆ. ಅವನು ಒಂದೇ ಸಲ ತೀರಿಸಿ ಹೋದರೆ ಅವರಿಗೆ ಸಿಗುವುದು ಒಂದು ವಾರದ ಬಡ್ಡಿ. ತೀರಿಸಲಾಗದೆ ಒದ್ದಾಡಿದಷ್ಟು ದಿನವೂ ಲಾಭ. ಅಮೆರಿಕದಲ್ಲಿ ಇದೇ ಕಸುಬು ಅಂಗಡಿ ಹಾಕಿಕೊಂಡು ನಡೆಯುತ್ತದೆ. ಸಂಬಳದ ದಿನ ತೀರಿಸುವ ಸಾಲ, ನೂರು ಡಾಲರಿಗೆ ಎರಡು ವಾರಕ್ಕೆ ಸುಮಾರು 15 ಡಾಲರ್ ಫೀ. ವರ್ಷದ ಲೆಕ್ಕದಲ್ಲಿ 390%. ಅಲ್ಲಿನ ಸರ್ಕಾರದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೊ 2014ರಲ್ಲಿ ಲೆಕ್ಕ ತೆಗೆದಾಗ ಇಂಥ ಸಾಲಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಹದಿನಾಲ್ಕು ದಿನದೊಳಗೆ ತೀರದೆ ಮುಂದಕ್ಕೆ ತಳ್ಳಿ ಹೋಗಿದ್ದವು, ಇಲ್ಲವೇ ಇನ್ನೊಂದು ಸಾಲ ಹುಟ್ಟಿತ್ತು. ಅಲ್ಲೂ ‘ತಗೊಂಡವನ ಜವಾಬ್ದಾರಿ’ ಎನ್ನುವವರಿಗೆ ಕಮ್ಮಿ ಇಲ್ಲ. ಆದರೆ ಐದರಲ್ಲಿ ನಾಲ್ಕು ಸಾಲದ ಗತಿ ಹೀಗಾದರೆ ತಗೊಂಡವರೆಲ್ಲ ಬೇಜವಾಬ್ದಾರಿಗಳು ಅಂತ ಹೇಗೆ ನಂಬಲಿ? ಆ ಸಾಲವನ್ನು ರೂಪಿಸಿದ ರೀತಿಯೇ ಹಾಗಿದೆ.

ಇಂಗ್ಲೆಂಡಿನವರು 2015ರ ಜನವರಿಯಲ್ಲಿ ಇದಕ್ಕೊಂದು ಲಗಾಮು ಹಾಕಿದರು. ಬಡ್ಡಿ, ಫೀಸು ಸೇರಿ ದಿನಕ್ಕೆ ಸಾಲದ 0.8% ಮೀರಬಾರದು. ಬಡ್ಡಿ, ಫೀಸು, ದಂಡ ಎಲ್ಲ ಸೇರಿ ತಗೊಂಡ ಅಸಲಿಗಿಂತ ಹೆಚ್ಚಾಗಬಾರದು. ನೂರು ಪೌಂಡ್ ತಗೊಂಡವನು ಏನೇ ಆದರೂ ಇನ್ನೂರು ಕಟ್ಟಿದರೆ ಮುಗಿಯಿತು. ಇದನ್ನು ಓದಿ ನನಗೆ ನಗು ಬಂತು. ನಮ್ಮ ಹಳೇ ಹಿಂದೂ ಕಾನೂನಿನಲ್ಲಿ ದಾಮ್‌ದುಪ್ಪಟ್ ಅಂತ ಇತ್ತಲ್ಲ, ಒಂದು ಹೊತ್ತಿಗೆ ವಸೂಲಿ ಮಾಡುವ ಬಡ್ಡಿ ಅಸಲನ್ನು ಮೀರುವ ಹಾಗಿಲ್ಲ ಎಂಬ ನಿಯಮ. ಮುಂಬಯಿ ಪ್ರಾಂತದ ಕೋರ್ಟುಗಳು ಅದನ್ನು ಪಾಲಿಸುತ್ತಿದ್ದವು. ಆಗ ನಮ್ಮ ಜಿಲ್ಲೆಯೂ ಮುಂಬಯಿಗೇ ಸೇರಿತ್ತು. ಅಂದರೆ ನಮ್ಮ ಮುತ್ತಜ್ಜಂದಿರಿಗೆ ಇದ್ದ ರಕ್ಷಣೆ ನಿನ್ನ ಪ್ರೆಸ್ಸಿನ ಹುಡುಗನಿಗೆ ಸಿಕ್ಕಿಲ್ಲ.

ಈಗಿನ ಕಾನೂನು ಪೂರ್ತಿ ಖಾಲಿ ಏನಲ್ಲ. 2021ರಲ್ಲಿ ರಿಸರ್ವ್ ಬ್ಯಾಂಕಿನ ಸಮಿತಿ ಹುಡುಕಿದಾಗ ಸುಮಾರು 1,100 ಸಾಲದ ಆ್ಯಪ್‌ ಸಿಕ್ಕವು, ಅದರಲ್ಲಿ 600 ಅಕ್ರಮ. ಮರುವರ್ಷ ನಿಯಮ ಬಂತು. ಸಾಲದ ದುಡ್ಡು ನೇರ ಸಾಲಗಾರನ ಖಾತೆಗೇ ಬರಬೇಕು. ಎಲ್ಲ ಖರ್ಚು ಸೇರಿಸಿ ವರ್ಷಕ್ಕೆ ಎಷ್ಟು ಶೇಕಡಾ ಅಂತ ಮೊದಲೇ ಒಂದು ಹಾಳೆಯಲ್ಲಿ ತೋರಿಸಬೇಕು. ಕಾಂಟ್ಯಾಕ್ಟು, ಫೋಟೊ ಮುಟ್ಟುವಂತಿಲ್ಲ. ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. 60 ದಿನದೊಳಗೆ ಪೂರ್ತಿ ತೀರಿಸಬೇಕಾದ ಸಾಲದ ಆ್ಯಪ್‌ಗಳನ್ನು ಗೂಗಲ್ ತನ್ನ ಪ್ಲೇ ಸ್ಟೋರಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದಲೇ ಇಂಥವು ಮೆಸೇಜಿನ ಲಿಂಕ್ ಹಿಡಿದು ಫೋನಿಗೆ ಬರುತ್ತವೆ. ಏಳು ದಿನದ ಸಾಲ ಎಂದಾಗಲೇ ನನಗೆ ಇದು ಕಳ್ಳ ಮಾಲು ಅನಿಸಿತು.

ನಮ್ಮ ರಾಜ್ಯದ ಕಾನೂನೂ ನಿನಗೆ ನೆನಪಿರಬೇಕು. 2025ರ ಆರಂಭದಲ್ಲಿ ಚಾಮರಾಜನಗರದ ಕಡೆ ಮೈಕ್ರೊಫೈನಾನ್ಸ್ ಸಾಲಕ್ಕೆ ಹೆದರಿ ಜನ ಮನೆಗೆ ಬೀಗ ಜಡಿದು ಹೋದರಲ್ಲ, ಆಗ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಶಿಕ್ಷೆ ಅತಿಯಾಯಿತು ಅಂತ ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಆಮೇಲೆ ಫೆಬ್ರವರಿಯಲ್ಲಿ ಸಹಿ ಹಾಕಿದರು. ನನಗೆ ಅದರಲ್ಲಿ ಅರ್ಧ ಇಷ್ಟ. ಮನೆ ಮುಂದೆ ಕೂತು ಮಾನ ಕಳೆಯುವವನನ್ನು ಒಳಗೆ ಹಾಕಬೇಕು, ಸರಿ. ಆದರೆ ವಸೂಲಿಗೆ ಬಂದ ಹುಡುಗನೂ ಟಾರ್ಗೆಟ್ಟಿಗೆ ಸಿಕ್ಕಿ ಒದ್ದಾಡುವ ಬಡವನೇ ಆಗಿರುತ್ತಾನೆ. ಒಂದೇ ಮನೆಗೆ ನಾಲ್ಕು ಕಡೆಯಿಂದ ಸಾಲ ಮಂಜೂರು ಮಾಡಿದವನು ಎಸಿ ರೂಮಿನಲ್ಲಿ ಆರಾಮ ಇರುತ್ತಾನೆ. ಮೈಕ್ರೊಫೈನಾನ್ಸಿನಲ್ಲಿ ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಅದನ್ನು ಮೀರಿ ಕೊಟ್ಟವನಿಗೆ ಆ ಹೆಚ್ಚಿನ ಸಾಲದ ನಷ್ಟ ತಟ್ಟಬೇಕು. ಆಗ ನೋಡು, ಎಲ್ಲರೂ ‘ಹ್ಯಾಂಗ್ ಕಟ್ತೆ?’ ಅಂತ ಕೇಳಲು ಕಲಿಯುತ್ತಾರೆ.

ಈಗ ನಿನ್ನ ವಿಷಯ. ಬೇಜಾರು ಮಾಡ್ಕೋಬೇಡ.

ಹುಡುಗ ತಿಂಗಳ ಒಂದನೇ ತಾರೀಕಿನಿಂದ ದುಡಿಯುತ್ತಾನೆ. ಆ ದುಡಿಮೆಗೆ ನೀನು ದುಡ್ಡು ಕೊಡುವುದು ಮುಂದಿನ ತಿಂಗಳ 10ಕ್ಕೆ. ಸಣ್ಣ ಕಾರ್ಖಾನೆಗಳಲ್ಲಿ 7ನೇ ತಾರೀಕಿನೊಳಗೆ ಸಂಬಳ ಆಗಬೇಕು ಎಂಬುದು 1936ರ ಕಾಯ್ದೆಯಿಂದಲೂ ಇರುವ ಮಾತು, ಅದು ಪಕ್ಕಕ್ಕಿರಲಿ. ಅವನು ಸಾಲ ತೆಗೆದ 22ಕ್ಕೆ ಲೆಕ್ಕ ಹಾಕು. ಮೂರು ವಾರದ ಅವನ ದುಡಿಮೆ ನಿನ್ನ ಹತ್ತಿರ ಇತ್ತು, ಬಡ್ಡಿ ಇಲ್ಲದೆ. ಯಾರು ಯಾರಿಗೆ ಸಾಲಗಾರ ಆಗ? ತನ್ನದೇ ದುಡ್ಡು ನಿನ್ನ ಗಲ್ಲಾಪೆಟ್ಟಿಗೆಯಲ್ಲಿ ಇರುವಾಗ ಅವನು ನೂರಕ್ಕೆ 42 ಕೊಟ್ಟು ಹೊರಗಿನಿಂದ ತಂದ. ಅಡ್ವಾನ್ಸ್ ಕೇಳಿದ್ದ ಅಂತ ನಿನ್ನ ಮೆಸೇಜಿನಲ್ಲೇ ಇದೆ. ‘ಅಭ್ಯಾಸ ಆಗಿಬಿಡುತ್ತೆ’ ಅಂತ ನೀನು ಇಲ್ಲ ಎಂದೆ. ನಿನ್ನ ತಪ್ಪು ಹುಡುಕಲು ಇದನ್ನು ಹೇಳುತ್ತಿಲ್ಲ ಕಣೋ. ಕಾಗದದ ಬೆಲೆ, ಬಾಕಿ ಬರದ ಬಿಲ್ಲು, ನಿನ್ನ ಕಷ್ಟ ನನಗೂ ಗೊತ್ತು. ಆದರೆ ಜವಾಬ್ದಾರಿ ಹಂಚಲು ಕೂತರೆ ನಿನ್ನ ಪಾಲಿಗೂ ಸ್ವಲ್ಪ ಬರುತ್ತದೆ.

ಗದಗದ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದವರು ಸಿದ್ದನಗೌಡ ಪಾಟೀಲರು. ಊರವರ ದುಡ್ಡು ಊರವರಿಗೇ, ಮುಖ ನೋಡಿ, ಕೇಳಿ ಕೊಡುವ ವ್ಯವಸ್ಥೆ. ಬೆಂಗಳೂರಿನ ಪ್ರೆಸ್ಸಿನಲ್ಲಿ ಹನ್ನೆರಡು ಜನ ಇದ್ದರೂ ಅದು ಸಾಧ್ಯ. ತಿಂಗಳಿಗೆ ಇಷ್ಟು ಅಂತ ಎಲ್ಲರೂ ಹಾಕಿ, ನೀನೂ ಅಷ್ಟೇ ಹಾಕಿದರೆ, ಸ್ಕ್ಯಾನಿಂಗಿನಂಥ ಖರ್ಚಿಗೆ ಯಾವ ಆ್ಯಪೂ ಬೇಡ. ಇದರ ಬಗ್ಗೆ ಇನ್ನೊಮ್ಮೆ ಉದ್ದ ಬರೆಯುತ್ತೇನೆ.

ಸದ್ಯಕ್ಕೆ ಇಷ್ಟು ಮಾಡು. ಅವನನ್ನು ತೆಗೆಯಬೇಡ, ತೆಗೆದರೆ ಕಟ್ಟುವ ದಾರಿಯೇ ಮುಚ್ಚುತ್ತದೆ. ಈ ಸಾಲ ತೀರಿಸಲು ಇನ್ನೊಂದು ಆ್ಯಪ್‌ ಒತ್ತಬೇಡ ಅಂತ ಗಟ್ಟಿಯಾಗಿ ಹೇಳು, ಅದೇ ಎಲ್ಲಕ್ಕಿಂತ ಮುಖ್ಯ. ಬೈಗುಳದ ಮೆಸೇಜು, ಫೋಟೊ ಯಾವುದನ್ನೂ ಅಳಿಸಬೇಡಿ, ನಿನ್ನ ಫೋನಿನಲ್ಲಿ ಇರುವುದೂ ಸಾಕ್ಷಿಯೇ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ಹತ್ತಿರದ ಠಾಣೆಗೂ ಹೋಗಿ. ಆ ಆ್ಯಪ್‌ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿರುವ ಸಾಲದ ಆ್ಯಪ್‌ಗಳ ಪಟ್ಟಿಯಲ್ಲಿ ಇದೆಯಾ ನೋಡು. ಇದ್ದರೆ ಕಂಪನಿಗೇ ಲಿಖಿತ ದೂರು, ಅವರು ಕೇಳದಿದ್ದರೆ ರಿಸರ್ವ್ ಬ್ಯಾಂಕಿಗೆ. ಅವನು ಇವತ್ತಿನವರೆಗೆ ಎಷ್ಟು ಕಟ್ಟಿದ್ದಾನೆ ಅಂತ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ನನಗೆ ಕಳಿಸು. 3,500ಕ್ಕಿಂತ ಜಾಸ್ತಿ ಈಗಾಗಲೇ ಹೋಗಿರಬಹುದು ಅನ್ನೋ ಅನುಮಾನ ನನಗಿದೆ. ಹೋಗಿಲ್ಲದಿದ್ದರೆ ಉಳಿದ ಅಸಲನ್ನು ಅವನು ಕೊಡಲೇಬೇಕು. ಎಲ್ಲಿಗೆ, ಹೇಗೆ ಎಂಬುದನ್ನು ಪೊಲೀಸರ ಹತ್ತಿರ ಕೇಳಿಯೇ ಕಟ್ಟಲಿ.

ಅವನಿಗೆ ಇದನ್ನು ನೀನೇ ಹೇಳಬೇಕು ಅಂತಿಲ್ಲ, ನನ್ನ ನಂಬರ್ ಕೊಡು. ಸೊಸೈಟಿ ಬಾಗಿಲು ಹಾಕಿದ ಮೇಲೆ, ಸಂಜೆ ಆರರ ನಂತರ ಮಾಡಲಿ. ಅವನ ಅಮ್ಮನ ರಿಪೋರ್ಟ್ ಏನು ಬಂತು ಅಂತ ನೀನು ಬರೆಯಲೇ ಇಲ್ಲ, ಕೇಳಿ ತಿಳಿಸು.

ನಿನ್ನ,
ಶಿರಸಿಯ ಗೆಳೆಯ