ಹಡಗಿಗೆ ಟ್ರೈಪಾಡ್ ಹೊರುವ ಮುನ್ನ

ಮಾನ್ಯ ಸಂಪಾದಕರೆ,

ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಬಂದ ಕ್ರೂಸ್ ಪ್ರವಾಸದ ಲೇಖನ ‘ಒಳ್ಳೆಯ ಫೋಟೊಗಳಿಗಾಗಿ ಗಟ್ಟಿಮುಟ್ಟಾದ ಟ್ರೈಪಾಡ್ ಮರೆಯದೆ ಇಟ್ಟುಕೊಳ್ಳಿ’ ಎಂದು ಸಲಹೆ ಕೊಟ್ಟಿದೆ. ಹಂಪಿಗೋ ಆಗುಂಬೆಗೋ ಹೊರಟವರಿಗೆ ಇದು ಸರಿ. ಬೆಂಗಳೂರಿನಿಂದ ವಿಮಾನದಲ್ಲಿ ಮುಂಬೈಗೋ ಸಿಂಗಪುರಕ್ಕೋ ಹೋಗಿ ಅಲ್ಲಿ ಹಡಗು ಹತ್ತುವವರಿಗೆ ಈ ಮಾತು ಹೆಚ್ಚಿನ ಸಲ ಬರೀ ಹೊರೆ.

ಟ್ರೈಪಾಡ್ ಕ್ಯಾಮೆರಾವನ್ನು ನೆಲಕ್ಕೆ ಕಟ್ಟಿಹಾಕುತ್ತದೆ ಎಂದು ನಂಬಿ ಹೊರುತ್ತೇವೆ. ಹಡಗಿನಲ್ಲಿ ಅದು ಕಟ್ಟಿಹಾಕುವುದು ಹಡಗಿಗೆ. ಹಡಗೋ, ಮುಂದಕ್ಕೆ ಓಡುತ್ತದೆ, ಅಕ್ಕಪಕ್ಕ ಓಲಾಡುತ್ತದೆ, ಎಂಜಿನ್ ಜೊತೆ ಸಣ್ಣಗೆ ನಡುಗುತ್ತಲೇ ಇರುತ್ತದೆ. ಆ ನಡುಕ ಮೂರು ಕಾಲುಗಳ ಮೂಲಕ ನೇರವಾಗಿ ಕ್ಯಾಮೆರಾಕ್ಕೆ ಏರುತ್ತದೆ. ಪ್ರೊಪೆಲರ್‌ಗೆ ಹತ್ತಿರವಿರುವ ಹಿಂಭಾಗದಲ್ಲಂತೂ ಮೇಜಿನ ಮೇಲಿನ ಲೋಟದ ನೀರಲ್ಲೇ ಅದು ಕಾಣಿಸುತ್ತದೆ. ಕೈಯಲ್ಲಿ ಹಿಡಿದರೆ ಮೊಣಕಾಲು, ಮೊಣಕೈಗಳು ಅಷ್ಟಿಷ್ಟಾದರೂ ನಡುಕವನ್ನು ನುಂಗಿಕೊಳ್ಳುತ್ತವೆ.

ಒಂದು ಲೆಕ್ಕ ನೋಡಿ. 20 ನಾಟ್ ವೇಗವೆಂದರೆ ಗಂಟೆಗೆ 37 ಕಿ.ಮೀ., ಸೆಕೆಂಡಿಗೆ ಸುಮಾರು 10 ಮೀಟರ್. ಹಡಗಿನ ಪಕ್ಕಕ್ಕೆ 2 ಕಿ.ಮೀ. ದೂರದಲ್ಲಿರುವ ದಡದ ದೀಪಗಳನ್ನು 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾ, 50 ಎಂ.ಎಂ. ಲೆನ್ಸ್‌ನಲ್ಲಿ 1 ಸೆಕೆಂಡ್ ಎಕ್ಸ್‌ಪೋಶರ್ (ಬೆಳಕನ್ನು ಒಳಬಿಡುವ ಹೊತ್ತು) ಕೊಟ್ಟು ತೆಗೆದರೆ, ಒಂದೊಂದು ದೀಪವೂ 40 ಪಿಕ್ಸೆಲ್‌ಗೂ ಉದ್ದದ ಗೆರೆಯಾಗುತ್ತದೆ. ಓಲಾಟದ ಪಾಲು ಬೇರೆ. 1/60 ಸೆಕೆಂಡಿಗೆ ಇಳಿಸಿದರೆ ಮುನ್ನಡೆಯಿಂದಾಗುವ ಗೆರೆ ಒಂದು ಪಿಕ್ಸೆಲ್ಲಿನೊಳಗೇ ಮುಗಿಯುತ್ತದೆ. 1/60ಕ್ಕೆ ಟ್ರೈಪಾಡ್ ಯಾಕೆ? ಲೆನ್ಸಿನ ಬೆಳಕಿನ ಕಿಂಡಿಯಾದ ಅಪರ್ಚರನ್ನು f/1.8ಕ್ಕೆ ಅಗಲವಾಗಿ ತೆರೆದು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್ಒವನ್ನು 3200 ಇಲ್ಲವೇ 6400ಕ್ಕೆ ಏರಿಸಿ, ಕೈಯಲ್ಲೇ ಹಿಡಿದು ಒಂದೇ ಸಮನೆ ಐದಾರು ಚಿತ್ರ ತೆಗೆಯಿರಿ. ಒಂದಾದರೂ ಚೂಪಾಗಿ ಬರುತ್ತದೆ. ಚಿತ್ರದಲ್ಲಿ ಕಾಣುವ ಕಾಳುಕಾಳನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ತೆಗೆಯಬಹುದು. ಅಲ್ಲಾಡಿದ ಚಿತ್ರಕ್ಕೆ ಮದ್ದಿಲ್ಲ.

ನಾರ್ವೆಯ ಉತ್ತರದಲ್ಲಿ ಧ್ರುವಪ್ರಭೆಯ ಚಿತ್ರಕ್ಕೂ ಇದೇ ಮಾತು. ದಡದಲ್ಲಿ 10 ಸೆಕೆಂಡ್ ಕೊಡುವವರು ಓಡುವ ಹಡಗಿನಲ್ಲಿ 1–2 ಸೆಕೆಂಡ್ ಮೀರಬಾರದು. ಆಗಲೂ ನಕ್ಷತ್ರಗಳು ತುಸು ಬಾಗಿದ ಗೆರೆಗಳಾದಾವು, ಅದನ್ನು ಒಪ್ಪಿಕೊಳ್ಳಬೇಕು. ತಿಮಿಂಗಿಲ, ಹಕ್ಕಿಗಳಿಗೆ 400 ಎಂ.ಎಂ. ಲೆನ್ಸ್ ಹಿಡಿಯುವವರಿಗೆ ಬೇಕಾದದ್ದು 1/1000 ಸೆಕೆಂಡಿನ ಶಟರ್, ಥಟ್ಟನೆ ತಿರುಗುವ ಸೊಂಟ. ಲೆನ್ಸ್ ಭಾರವೆನಿಸಿದರೆ ಒಂಟಿಗಾಲಿನ ಮಾನೋಪಾಡ್ ಸಾಕು. ಅದರ ಕಾಲನ್ನು ಡೆಕ್ಕಿನ ಮೇಲೆ ಊರದೆ ನಿಮ್ಮ ಶೂ ಮೇಲೆ ಊರಿ. ನಡುಕ ಗಣನೀಯವಾಗಿ ತಗ್ಗುತ್ತದೆ.

ಹಾಗಾದರೆ ಓಡುವ ಹಡಗಿನಲ್ಲಿ ಟ್ರೈಪಾಡ್‌ಗೆ ಕೆಲಸವೇ ಇಲ್ಲವೆ? ಧ್ರುವಪ್ರಭೆಯ ಆ 1–2 ಸೆಕೆಂಡ್ ಬಿಟ್ಟರೆ ಒಂದಿದೆ: ಚಿತ್ರದ ವಸ್ತು ಹಡಗೇ ಆಗಿದ್ದಾಗ. ಹಿಂಬದಿಯ ಡೆಕ್ಕಿನಿಂದ ರೇಲಿಂಗ್, ಅದರಾಚೆ ಹಡಗು ಬಿಟ್ಟುಹೋಗುವ ನೊರೆದಾರಿ. ಮುಸ್ಸಂಜೆ 1/30 ಸೆಕೆಂಡ್ ಕೇಳುವ ಬೆಳಕಿದ್ದಾಗ 6 ಸ್ಟಾಪ್ ಎನ್‌ಡಿ ಫಿಲ್ಟರ್ (ಬೆಳಕನ್ನು ಆರು ಸಲ ಅರ್ಧರ್ಧ ಮಾಡಿ ತಗ್ಗಿಸುವ ಕಪ್ಪು ಗಾಜು) ಹಾಕಿದರೆ ಸುಮಾರು 2 ಸೆಕೆಂಡ್ ಸಿಗುತ್ತದೆ. ರೇಲಿಂಗ್ ಚೂಪಾಗಿ, ನೊರೆ ಹಾಲು ಚೆಲ್ಲಿದಂತೆ ಬರುತ್ತದೆ. ಇಲ್ಲಿ ಕೈನಡುಕ ಸರಿಪಡಿಸುವ ಕ್ಯಾಮೆರಾದ ಸ್ಟೆಬಿಲೈಸೇಶನ್ ಆಫ್ ಮಾಡಲೇಬೇಕು. ಕ್ಯಾಮೆರಾವೂ ರೇಲಿಂಗೂ ಒಟ್ಟಿಗೇ ಓಲಾಡುತ್ತಿದ್ದರೂ, ಒಳಗಿನ ಗೈರೊ ಸೆನ್ಸರ್ ಆ ಓಲಾಟವನ್ನು ಕೈನಡುಕವೆಂದು ತಿಳಿದು ಸರಿಪಡಿಸಲು ಹೋಗಿ ರೇಲಿಂಗನ್ನೇ ಮಸುಕು ಮಾಡುತ್ತದೆ. ಕೈಯಲ್ಲಿ ಹಿಡಿದು ದೂರದ ದಡ ತೆಗೆಯುವಾಗ ಅದು ಆನ್ ಇರಲಿ. ಡೆಕ್ಕಿನ ಮೇಲೆ ಟ್ರೈಪಾಡಿನ ನಡುಕಂಬ ಎತ್ತಬೇಡಿ. ನೆಲದ ಮೇಲೆ ಮಾಡುವಂತೆ ಅದರ ಕೊಕ್ಕೆಗೆ ಬ್ಯಾಗನ್ನೂ ನೇತುಹಾಕಬೇಡಿ, ಅದು ಲೋಲಕದಂತೆ ತೂಗಿ ಇನ್ನಷ್ಟು ಅಲ್ಲಾಡಿಸುತ್ತದೆ. ಕಾಲು ಅಗಲಿಸಿದ ಟ್ರೈಪಾಡ್ ಒಂದು ಮೀಟರಿನಷ್ಟು ಜಾಗ ತಿನ್ನುತ್ತದೆ. ಜನ ಓಡಾಡುವ ಕಡೆ ಸಿಬ್ಬಂದಿ ತೆಗೆಯಿರಿ ಎನ್ನುವುದು ನ್ಯಾಯವೇ.

ಟ್ರೈಪಾಡ್ ನಿಜಕ್ಕೂ ಬೇಕಾಗುವುದು ದಡದಲ್ಲಿ, ಕತ್ತಲಾದ ಮೇಲೆ. ಆದರೆ ಹೆಚ್ಚಿನ ಹಡಗುಗಳು ಬೆಳಿಗ್ಗೆ ಬಂದರು ಸೇರಿ ಸಂಜೆಯೇ ಹೊರಟುಬಿಡುತ್ತವೆ. ದೀಪ ಹತ್ತುವ ಹೊತ್ತಿಗೆ ನೀವು ಹಡಗಿನ ಊಟದ ಸಾಲಿನಲ್ಲಿರುತ್ತೀರಿ! ಆದ್ದರಿಂದ ಟಿಕೆಟ್ ಜೊತೆ ಬರುವ ವೇಳಾಪಟ್ಟಿಯಲ್ಲಿ ಪ್ರತಿ ಬಂದರಿನಿಂದ ಹೊರಡುವ ಸಮಯ ಮತ್ತು ಆ ಊರಿನ ಸೂರ್ಯಾಸ್ತದ ಸಮಯ ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಯಾವ ಬಂದರಿನಲ್ಲೂ ಸೂರ್ಯಾಸ್ತದ ನಂತರ ಎರಡು ಗಂಟೆ ಸಿಗದಿದ್ದರೆ ಟ್ರೈಪಾಡ್ ಮನೆಯಲ್ಲಿರಲಿ. ಹಡಗು ರಾತ್ರಿ ತಂಗುವುದಿದ್ದರೆ, ಅಥವಾ ಹತ್ತುವ ಮುನ್ನಾದಿನವೇ ಸಿಂಗಪುರ ತಲುಪಿ ಮರೀನಾ ಬೇ ದಂಡೆಯಲ್ಲಿ ನಿಲ್ಲುವ ಯೋಚನೆಯಿದ್ದರೆ, ಒಯ್ಯಿರಿ. ಜೂನ್ ತಿಂಗಳ ಉತ್ತರ ನಾರ್ವೆಗಾದರೆ ಪ್ರಶ್ನೆಯೇ ಏಳುವುದಿಲ್ಲ, ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ.

ಒಯ್ಯುವುದಾದರೆ 1.2–1.5 ಕೆ.ಜಿ. ತೂಗುವ, ಮಡಚಿದಾಗ 40–45 ಸೆಂ.ಮೀ. ಆಗುವುದು ಸಾಕು. ಕೈಸಾಮಾನಿನ ಮಿತಿ ಸಾಮಾನ್ಯವಾಗಿ 7 ಕೆ.ಜಿ.; ಭದ್ರತಾ ತಪಾಸಣೆಯಲ್ಲಿ ಟ್ರೈಪಾಡ್ ಬಗ್ಗೆ ತಕರಾರು ಬರಬಹುದು, ಹಾಗಾಗಿ ಚೆಕ್-ಇನ್ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಡಿ. ಕ್ಯಾಮೆರಾ ತಿರುಗಿಸುವ ಮೇಲಿನ ಗುಂಡು, ಬಾಲ್ ಹೆಡ್, ಬಿಚ್ಚಿ ಕಾಲುಚೀಲದೊಳಗೆ ಸುತ್ತಿ. ಕ್ಯಾಮೆರಾದ ತಳಕ್ಕೆ ಕೂರುವ ಪ್ಲೇಟನ್ನು ಮಾತ್ರ ಕ್ಯಾಮೆರಾಕ್ಕೇ ತಿರುಗಿಸಿಟ್ಟಿರಿ. ಅಂಗೈಯಗಲದ ಆ ತುಂಡು ಮನೆಯಲ್ಲುಳಿದು ಒಂದೂವರೆ ಕೆ.ಜಿ. ಸುಮ್ಮನೆ ಊರು ಸುತ್ತುವುದುಂಟು. ಪವರ್ ಬ್ಯಾಂಕ್, ಬಿಡಿ ಬ್ಯಾಟರಿಗಳು ಕೈಸಾಮಾನಿನಲ್ಲೇ ಇರಬೇಕು.

ಟ್ರೈಪಾಡ್ ಒಯ್ಯದವರು, ಕ್ಯಾಮೆರಾ ಊರುವ ಮೆತ್ತೆಗಾಗಿ, ಹಳೆಯ ಜೀನ್ಸಿನ ಕಾಲಿನಿಂದ ಒಂದು ಗೇಣುದ್ದ ಕತ್ತರಿಸಿ, ಒಂದು ಬದಿ ಹೊಲಿಸಿ ಇನ್ನೊಂದಕ್ಕೆ ಜಿಪ್ ಹಾಕಿಸಿಕೊಳ್ಳಿ. ಖಾಲಿ ಒಯ್ದು, ಹಡಗು ಹತ್ತುವ ಊರಿನಲ್ಲಿ ಮುಕ್ಕಾಲು ಕೆ.ಜಿ. ಕಡಲೆಕಾಳು ತುಂಬಿ. ರಾಗಿ ಹೊಲಿಗೆಯಲ್ಲಿ ಸೋರುತ್ತದೆ, ಅವಲಕ್ಕಿ ಪುಡಿಯಾಗುತ್ತದೆ. ಹಡಗಿನವರು ಕಾಳು ತರಬೇಡಿ ಎಂದರೆ ಟವೆಲ್ ತುರುಕಿ, ಹಿಡಿತ ತುಸು ಕಡಿಮೆ ಅಷ್ಟೆ. ರೇಲಿಂಗ್ ಮೇಲೆ ಈ ಚೀಲ, ಅದರ ಮೇಲೆ ಲೆನ್ಸ್, ಕ್ಯಾಮೆರಾ ಪಟ್ಟಿ ಮಣಿಕಟ್ಟಿಗೆ ಎರಡು ಸುತ್ತು. ಕಬ್ಬಿಣದ ಕ್ಲ್ಯಾಂಪ್‌ಗಿಂತ ಇದು ಮೇಲು. ಕ್ಲ್ಯಾಂಪ್ ನಡುಕವನ್ನು ಹಾಗೇ ದಾಟಿಸುತ್ತದೆ.

ಇನ್ನೂ ಅನುಮಾನವಿದ್ದವರು ಬೆಂಗಳೂರಿನ ಯಾವುದಾದರೂ ಸ್ಕೈವಾಕ್ ಮೇಲೆ ರಾತ್ರಿ ಟ್ರೈಪಾಡ್ ನಿಲ್ಲಿಸಿ 2 ಸೆಕೆಂಡಿನ ಹತ್ತು ಚಿತ್ರ ತೆಗೆದು ನೋಡಲಿ. ಪಕ್ಕದಲ್ಲಿ ನಾಲ್ಕು ಜನ ನಡೆದುಹೋದಾಗ ತೆಗೆದದ್ದು ಯಾವುದೆಂದು ಹೇಳಿಕೊಡಬೇಕಾಗಿಲ್ಲ.

ಪುರವಣಿಯ ಸಾಮಾನುಪಟ್ಟಿಯಲ್ಲಿ ಟ್ರೈಪಾಡ್ ಮುಂದೆ ‘ಬಂದರಿನಲ್ಲಿ ರಾತ್ರಿ ತಂಗುವುದಿದ್ದರೆ’ ಎಂಬ ಮೂರು ಪದ ಸೇರಿಸಬೇಕೆಂದು ಕೋರಿಕೆ.

– ಕೆಲವು ಹವ್ಯಾಸಿ ಛಾಯಾಗ್ರಾಹಕರು, ಜಯನಗರ, ಬೆಂಗಳೂರು